ಶಾಲೆಯ ಮತಪೆಟ್ಟಿಗೆ ಕಲಿಸಿದ ಪಾಠ

(ಅರಸೀಕೆರೆಯಲ್ಲಿ ನಡೆದ ಟ್ರಸ್ಟ್‌ನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)

 



ನನ್ನನ್ನು ಕರೆದವರು, "ಸಾರ್, ಮಕ್ಕಳಿಗೆ ಓದಿನ ಬಗ್ಗೆ ನಾಲ್ಕು ಮಾತು ಹೇಳಿ" ಅಂದರು. ಓದಿನ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ಈ ವೇದಿಕೆ ಮೇಲೆಯೇ ಇದ್ದಾರೆ. ನಾನು ಈ ಎರಡು ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವನು. ವರ್ಷ ವರ್ಷ ಜೂನ್ ತಿಂಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ಮಾಡಿಸಿದವನು. ಚುನಾವಣಾ ಕರ್ತವ್ಯಕ್ಕೆ ಹೋಗಿ ಮತಗಟ್ಟೆಗಳಲ್ಲಿ ರಾತ್ರಿ ಕಳೆದವನು. ಹಾಗಾಗಿ ನನಗೆ ಗೊತ್ತಿರುವ ಒಂದು ವಿಷಯ ಹೇಳುತ್ತೇನೆ. ಮತ ಹಾಕುವುದನ್ನು ಮಕ್ಕಳಿಗೆ ಬಾಯಲ್ಲಿ ಹೇಳಿ ಕಲಿಸಲು ಆಗುವುದಿಲ್ಲ, ಮಾಡಿಸಿಯೇ ಕಲಿಸಬೇಕು. ತಪ್ಪಾಗಿ ಮಾಡಿಸಿದರೆ ಅದನ್ನೂ ಅವರು ಕಲಿತುಬಿಡುತ್ತಾರೆ, ಜೀವನಪೂರ್ತಿ ಮರೆಯುವುದಿಲ್ಲ. ಈ ಎರಡನೆಯದನ್ನು ನಾನು ನನ್ನ ತಪ್ಪಿನಿಂದಲೇ ತಿಳಿದುಕೊಂಡೆ. ಅದರಿಂದಲೇ ಶುರು ಮಾಡುತ್ತೇನೆ.

ನಾನು ಮಾಡಿದ ತಪ್ಪು

ನೌಕರಿಯ ಮೊದಲ ವರ್ಷಗಳ ಮಾತು. ಶಾಲೆಯ ಹೆಸರು ಬೇಡ. ಮುಖ್ಯಮಂತ್ರಿ ಸ್ಥಾನಕ್ಕೆ ಇಬ್ಬರು ಹುಡುಗರು ನಿಂತರು. ಒಬ್ಬ ತರಗತಿಗೆ ಮೊದಲಿಗ. ಇನ್ನೊಬ್ಬನ ತಂದೆ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಹುಡುಗ ಲೆಕ್ಕದಲ್ಲಿ ಹಿಂದೆ, ಆದರೆ ಕಬಡ್ಡಿ ತಂಡ ಕಟ್ಟಿದವನು ಅವನೇ, ಚಿಕ್ಕ ಮಕ್ಕಳನ್ನು ರಸ್ತೆ ದಾಟಿಸುವವನೂ ಅವನೇ. ಚೀಟಿ ಹಾಕಿಸಿದೆವು, ಎಣಿಸಿದೆವು. ಗೆದ್ದದ್ದು ಮೂಟೆ ಹೊರುವವರ ಮಗ.

ಸಿಬ್ಬಂದಿ ಕೊಠಡಿಯಲ್ಲಿ ಗುಸುಗುಸು ಶುರುವಾಯಿತು. ಇನ್‌ಸ್ಪೆಕ್ಷನ್‌ಗೆ ಬಂದಾಗ ಮುಂದೆ ನಿಂತು ಮಾತಾಡಬೇಕಾದವನು ಇವನಾ, ಪ್ರಾರ್ಥನೆಯಲ್ಲಿ ಪ್ರತಿಜ್ಞೆ ಹೇಳಿಕೊಡುವವನು ಇವನಾ ಅಂತ. ಕೊನೆಗೆ ಮೊದಲಿಗನನ್ನೇ ಮುಖ್ಯಮಂತ್ರಿ ಅಂತ ಹೇಳೋಣ, ಇವನನ್ನು ಕ್ರೀಡಾಮಂತ್ರಿ ಮಾಡೋಣ ಅಂತ ತೀರ್ಮಾನವಾಯಿತು. ನಾನು ಆಗ ಹೊಸಬ. ವಿರೋಧಿಸಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಅದೇ ಸರಿ ಅನಿಸಿತ್ತು. ಮಾರನೆಯ ದಿನ ಫಲಿತಾಂಶ ಓದಿದವನು ನಾನೇ. ಮಕ್ಕಳು ಒಂದು ಮಾತೂ ಆಡಲಿಲ್ಲ, ಚಪ್ಪಾಳೆ ತಟ್ಟಿದರು. ಎಷ್ಟು ಶಿಸ್ತಿನ ಮಕ್ಕಳು ಅಂದುಕೊಂಡೆ.

ಹತ್ತು ವರ್ಷ ಕಳೆದ ಮೇಲೆ ಒಂದು ವಿಧಾನಸಭಾ ಚುನಾವಣೆ. ನಾನು ಬೇರೆ ತಾಲ್ಲೂಕಿನ ಮತಗಟ್ಟೆಯಲ್ಲಿ ಅಧ್ಯಕ್ಷಾಧಿಕಾರಿ. ಯಂತ್ರ, ಲಕೋಟೆಗಳನ್ನೆಲ್ಲ ಡಿಮಸ್ಟರಿಂಗ್ ಕೇಂದ್ರಕ್ಕೆ ಒಪ್ಪಿಸಿ ಅರಸೀಕೆರೆ ತಲುಪುವಾಗ ಬೆಳಗಿನ ಜಾವ. ರೈಲ್ವೆ ನಿಲ್ದಾಣದ ಹತ್ತಿರ ಟೀ ಕುಡಿಯಲು ನಿಂತೆ. ಒಬ್ಬ ಯುವಕ "ನಮಸ್ಕಾರ ಸಾರ್" ಅಂದ. ಅದೇ ಹುಡುಗ. ಅಭ್ಯಾಸಬಲದಿಂದ ಅವನ ಎಡಗೈ ತೋರುಬೆರಳು ನೋಡಿದೆ. ಶಾಯಿ ಇರಲಿಲ್ಲ. "ಯಾಕಪ್ಪಾ, ಓಟು ಹಾಕಲಿಲ್ವಾ?" ಅಂದೆ. ಅವನು ನಕ್ಕ. "ನಾವು ಹಾಕಿದರೇನು ಸಾರ್, ಮೇಲಿನವರು ತಮಗೆ ಬೇಕಾದವರನ್ನೇ ಮಾಡ್ತಾರೆ. ನಿಮಗೇ ಗೊತ್ತಲ್ಲ" ಅಂದ.

ಕೊಂಕಾಗಿ ಹೇಳಲಿಲ್ಲ ಅವನು. ಮಳೆಗಾಲದಲ್ಲಿ ಮಳೆ ಬರುತ್ತೆ ಅನ್ನುವ ಹಾಗೆ ಹೇಳಿದ. ನಾನು ತಪ್ಪಾಯಿತು ಅಂದೆ. "ಬಿಡಿ ಸಾರ್, ಅದು ಹುಡುಗಾಟದ ಎಲೆಕ್ಷನ್" ಅಂದು ಟೀ ದುಡ್ಡು ಅವನೇ ಕೊಟ್ಟು ಹೋದ. ಅವತ್ತು ನನ್ನ ಬೆರಳಲ್ಲೂ ಶಾಯಿ ಇರಲಿಲ್ಲ. ಕರ್ತವ್ಯದಲ್ಲಿದ್ದ ನನ್ನದು ಅಂಚೆ ಮತ. ಅವನ ಬೆರಳು ಬರಿದಾಗಿದ್ದಕ್ಕೆ ಮಾತ್ರ ಕಾರಣ ನಾನು.

ಅವತ್ತಿನಿಂದ ಶಾಲಾ ಚುನಾವಣೆಯನ್ನು ಹುಡುಗಾಟ ಅಂತ ತಿಳಿಯುವುದನ್ನು ಬಿಟ್ಟೆ. ಆಮೇಲೆ ಯಾವ ಶಾಲೆಗೆ ಹೋದರೂ ಮೊದಲ ದಿನವೇ ಮುಖ್ಯೋಪಾಧ್ಯಾಯರ ಹತ್ತಿರ ಒಂದೇ ಮಾತು ಕೇಳಿಕೊಳ್ಳುತ್ತಿದ್ದೆ. ಮಕ್ಕಳು ಯಾರನ್ನು ಆರಿಸಿದರೂ ಅವರೇ ಇರಬೇಕು, ಅದಕ್ಕೆ ಒಪ್ಪಿಗೆಯಿದ್ದರೆ ಚುನಾವಣೆ ಮಾಡೋಣ. ಇಲ್ಲದಿದ್ದರೆ ನೀವೇ ನೇಮಕ ಮಾಡಿ, ಅದೂ ತಪ್ಪಲ್ಲ. ಆದರೆ ನೇಮಕಕ್ಕೆ ಚುನಾವಣೆ ಅಂತ ಹೆಸರಿಡುವುದು ಬೇಡ.

ಮೊದಲು ಪಟ್ಟಿ

ಸಾಮಾನ್ಯವಾಗಿ ಶಾಲಾ ಚುನಾವಣೆ ಅಂದರೆ ಮತದಾನದ ದಿನ ಮಾತ್ರ. ರಟ್ಟಿನ ಮರೆ, ಬೆರಳಿಗೆ ಶಾಯಿ, ಮೊಬೈಲ್‌ನಲ್ಲಿ ಮತಯಂತ್ರದ ಆ್ಯಪ್, ಫೋಟೊ. ಮಕ್ಕಳಿಗೆ ಖುಷಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಜನ ಮತ ಕಳೆದುಕೊಳ್ಳುವುದು ಹೆಚ್ಚಾಗಿ ಮತದಾನದ ದಿನದಲ್ಲಲ್ಲ. ಅದಕ್ಕೆ ತಿಂಗಳುಗಳ ಮುಂಚೆ, ಮತದಾರರ ಪಟ್ಟಿಯಲ್ಲಿ. ಅದಕ್ಕೇ ನಾನು ಪಟ್ಟಿಯಿಂದ ಶುರು ಮಾಡತೊಡಗಿದೆ.

ಶಾಲೆಯ ಎಲ್ಲ ಮಕ್ಕಳ ಹೆಸರಿನ ಕರಡು ಪಟ್ಟಿ ಬರೆಸಿ ಒಂದು ವಾರ ಸೂಚನಾ ಫಲಕಕ್ಕೆ ಹಾಕಿಸುತ್ತಿದ್ದೆ. ಅದರಲ್ಲಿ ಬೇಕೆಂದೇ ಐದು ತಪ್ಪು. ಒಂದು ಹೆಸರು ಬಿಟ್ಟುಹೋಗಿರುತ್ತದೆ. ಒಂದು ಎರಡು ಸಲ ಬಂದಿರುತ್ತದೆ. ಟಿ.ಸಿ. ತೆಗೆದುಕೊಂಡು ಹೋದವರ ಹೆಸರು ಹಾಗೇ ಉಳಿದಿರುತ್ತದೆ. ಒಂದರ ಕಾಗುಣಿತ ತಪ್ಪು. ಇನ್ನೊಂದು ಬೇರೆ ವಿಭಾಗದಲ್ಲಿ. ತಪ್ಪು ಹುಡುಕಿ ಅರ್ಜಿ ಕೊಡುವುದು ಮಕ್ಕಳ ಕೆಲಸ. ಹೊಸ ಹೆಸರಿಗೆ ನಮೂನೆ 6, ಹೆಸರು ತೆಗೆಯಲು ನಮೂನೆ 7, ತಿದ್ದುಪಡಿಗೂ ವಿಳಾಸ ಬದಲಾವಣೆಗೂ ನಮೂನೆ 8. ನಿಜವಾದ ಚುನಾವಣೆಯಲ್ಲಿ ಇರುವ ನಂಬರುಗಳೇ ಇವು. ಒಂಬತ್ತನೇ ತರಗತಿಯಲ್ಲಿ ಬಾಯಿಗೆ ಬಂದದ್ದು ಹದಿನೆಂಟಕ್ಕೆ ಉಪಯೋಗಕ್ಕೆ ಬರುತ್ತದೆ.

ಮೊದಲ ಸಲ ಹೀಗೆ ಮಾಡಿದಾಗ ಒಂದು ಎಡವಟ್ಟಾಯಿತು. ನಾನು ಬಿಟ್ಟಿದ್ದ ಹೆಸರಿನ ಹುಡುಗಿ ಆ ವಾರ ಮದುವೆಗೆಂದು ಬೇಲೂರಿನ ನಾನಿ ಮನೆಗೆ ಹೋಗಿದ್ದಳು. ಪಟ್ಟಿ ನೋಡಲಿಲ್ಲ, ಗೆಳತಿಯರೂ ಅವಳಿಗಾಗಿ ನೋಡಲಿಲ್ಲ. ಮತದಾನದ ದಿನ ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಬಂದು ಸಾಲಿನಲ್ಲಿ ನಿಂತಳು. ಮೊದಲನೇ ಮತಗಟ್ಟೆ ಅಧಿಕಾರಿಯಾಗಿ ಕುಳಿತಿದ್ದ ಹುಡುಗ ಪಟ್ಟಿಯಲ್ಲಿ ಹುಡುಕಿದ, ಇಲ್ಲ ಅಂದ. "ಕಾರ್ಡ್ ಇದೆಯಲ್ಲಾ" ಅಂದಳು. ಎಲ್ಲರೂ ನನ್ನ ಮುಖ ನೋಡಿದರು. ಕಾನೂನು ಏನೋ ಅದನ್ನೇ ಹೇಳಿದೆ. ಕಾರ್ಡ್ ನೀನು ಯಾರು ಅಂತ ತೋರಿಸುತ್ತೆ ಅಷ್ಟೆ, ಮತ ಹಾಕುವ ಹಕ್ಕು ಪಟ್ಟಿಯಿಂದ ಬರುತ್ತೆ ಅಂತ. ಹುಡುಗಿ ಅಳುತ್ತಾ ಹೋದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸೋಮವಾರ ಅವಳೇ ಬಂದು, "ಸಾರ್, ನಮ್ಮ ಅಮ್ಮೀ ಹೆಸರು ದೊಡ್ಡವರ ಪಟ್ಟಿಯಲ್ಲಿ ಇದೆಯಾ ಅಂತ ಎಲ್ಲಿ ನೋಡಬೇಕು?" ಅಂದಳು. ಬಿಎಲ್‌ಒ ಹತ್ತಿರ ಹೋಗಿ ನೋಡಿದೆವು. ಇಲ್ಲಿನ ಪಟ್ಟಿಯಲ್ಲಿ ಇರಲಿಲ್ಲ. ತಾಯಿಯ ಹೆಸರು ತವರೂರಿನ ಪಟ್ಟಿಯಲ್ಲೇ ಉಳಿದಿತ್ತು. ಮದುವೆಯಾಗಿ ಬಂದು ಅಷ್ಟು ವರ್ಷವಾದರೂ ಆ ತಾಯಿ ಇಲ್ಲಿ ಒಂದು ಸಲವೂ ಮತ ಹಾಕಿರಲಿಲ್ಲ. ಪ್ರತಿ ಸಲ ಹೋಗುವುದು, ಹೆಸರಿಲ್ಲ ಅನ್ನಿಸಿಕೊಂಡು ಬರುವುದು, ನಮ್ಮ ಹಣೆಬರಹ ಅಂದುಕೊಳ್ಳುವುದು. ಅರ್ಜಿ ತುಂಬಿದವಳು ಮಗಳು.

ಮರುವರ್ಷದಿಂದ ನಾನು ತಪ್ಪುಗಳನ್ನು ಮಕ್ಕಳ ಹೆಸರಿನಲ್ಲಿ ಮಾಡಲಿಲ್ಲ. ಶಿಕ್ಷಕರ ಹೆಸರನ್ನೂ ಪಟ್ಟಿಗೆ ಸೇರಿಸಿ ಅಲ್ಲಿ ಮಾಡಿದೆ. ಮುಖ್ಯೋಪಾಧ್ಯಾಯರ ಹೆಸರೇ ಇಲ್ಲ ಅಂತ ಗೊತ್ತಾದಾಗ ಮಕ್ಕಳಿಗಾದ ಸಂಭ್ರಮ ನೋಡಬೇಕಿತ್ತು. ಪಾಠ ಅದೇ, ಅಳುವವರು ಯಾರೂ ಇರಲಿಲ್ಲ.

ತಾಯಂದಿರೇ, ಇದು ಇಂದಿನ ಕಥೆ ಮಾತ್ರ ಅಲ್ಲ. 1951-52ರ ಮೊದಲ ಸಾರ್ವತ್ರಿಕ ಚುನಾವಣೆಗೆ ಪಟ್ಟಿ ತಯಾರಿಸುವಾಗ ದೇಶದ ಎಷ್ಟೋ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಸ್ವಂತ ಹೆಸರಿಲ್ಲದೆ ಪಟ್ಟಿಗೆ ಸೇರಿಸುವುದಿಲ್ಲ ಅಂದರು. ಸುಮಾರು 28 ಲಕ್ಷ ಮಹಿಳೆಯರ ಹೆಸರು ಬಿಟ್ಟುಹೋಯಿತು. ಕಠಿಣ ಅನಿಸಬಹುದು. ಆದರೆ ಹೆಣ್ಣಿಗೂ ಅವಳದೇ ಹೆಸರಿದೆ, ಆ ಹೆಸರಿನಲ್ಲೇ ಅವಳ ಮತ ಅನ್ನುವುದು ಅಲ್ಲಿಂದ ಗಟ್ಟಿಯಾಯಿತು.

ನಮ್ಮ ಮನೆಗಳಲ್ಲಿ ಇನ್ನೊಂದು ತೊಂದರೆ ಕಾಗುಣಿತದ್ದು. ಒಬ್ಬನೇ ಹುಡುಗ ಆಧಾರ್‌ನಲ್ಲಿ ಮೊಹಮ್ಮದ್, ಅಂಕಪಟ್ಟಿಯಲ್ಲಿ ಮಹಮದ್, ಮತದಾರರ ಪಟ್ಟಿಯಲ್ಲಿ ಮಹಮ್ಮದ್. ತಾಯಿ ಒಂದು ಕಡೆ ಬೀ, ಇನ್ನೊಂದು ಕಡೆ ಬಾನು, ಮತ್ತೊಂದು ಕಡೆ ಬೇಗಂ. ವಿದ್ಯಾರ್ಥಿವೇತನದ ಅರ್ಜಿ ಹಾಕುವಾಗ ಈ ಕಷ್ಟ ನಿಮಗೆಲ್ಲ ಗೊತ್ತಾಗಿದೆ. ಮಕ್ಕಳ ದಾಖಲೆ ಸರಿಪಡಿಸಲು ಕಚೇರಿಗೆ ಅಲೆದಿದ್ದೀರಿ. ಅದೇ ಓಡಾಟದಲ್ಲಿ ಮನೆಯವರೆಲ್ಲರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಎಲ್ಲ ದಾಖಲೆಗಳಲ್ಲಿ ಒಂದೇ ತರಹ ಇದೆಯಾ ನೋಡಿ.

ನಾಮಪತ್ರ, ಪ್ರಚಾರ, ಕಡಲೆಮಿಠಾಯಿ

ಪಟ್ಟಿ ಅಂತಿಮವಾದ ಮೇಲೆ ನಾಮಪತ್ರ. ಪ್ರತಿ ಅಭ್ಯರ್ಥಿಗೂ ಇಬ್ಬರು ಸೂಚಕರು, ಅವರಲ್ಲಿ ಒಬ್ಬರು ಬೇರೆ ತರಗತಿಯವರಾಗಿರಬೇಕು. ಠೇವಣಿ ಇಲ್ಲ. ಚಿಹ್ನೆಗೆ ತೆಂಗಿನಕಾಯಿ, ಸ್ಲೇಟು, ನಲ್ಲಿ, ಗಡಿಯಾರ, ಕೊಡೆ ಹೀಗೆ ಏನಾದರೂ ಸರಿ, ಯಾವ ಪಕ್ಷದ ಚಿಹ್ನೆಯೂ ಕೂಡದು. ಗ್ರಾಮ ಪಂಚಾಯಿತಿ ಚುನಾವಣೆಯನ್ನೂ ನಮ್ಮ ರಾಜ್ಯದಲ್ಲಿ ಪಕ್ಷದ ಚಿಹ್ನೆಯ ಮೇಲೆ ನಡೆಸುವುದಿಲ್ಲ ಅಂತ ಮಕ್ಕಳಿಗೆ ಆಗಲೇ ಹೇಳಿಬಿಡುತ್ತಿದ್ದೆ.

ಹೆಣ್ಣುಮಕ್ಕಳು ಮೊದಮೊದಲು ನಿಲ್ಲುತ್ತಲೇ ಇರಲಿಲ್ಲ. ಸಾಂಸ್ಕೃತಿಕ ಮಂತ್ರಿ ಮಾತ್ರ ಹುಡುಗಿ, ಉಳಿದದ್ದೆಲ್ಲ ಹುಡುಗರು. ಆಗ ನಾನು ಅವರಿಗೆ ಅಬ್ದುಲ್ ನಜೀರ್ ಸಾಬ್ ಅವರ ಕಥೆ ಹೇಳುತ್ತಿದ್ದೆ. ಗುಂಡ್ಲುಪೇಟೆಯವರು, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿ. ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು. ಅವರು ತಂದ 1983ರ ಕಾಯ್ದೆಯಲ್ಲಿ ಪಂಚಾಯತ್ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇಕಡ 25 ಸ್ಥಾನ ಮೀಸಲಾಯಿತು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಇಂದು ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅವರದೇ ಹೆಸರಿದೆ. ನಮ್ಮವರೊಬ್ಬರು ನಾಡಿನ ಎಲ್ಲ ಹೆಣ್ಣುಮಕ್ಕಳಿಗೂ ಹಾಕಿಕೊಟ್ಟ ಕುರ್ಚಿ ಅದು. ಅದರಲ್ಲಿ ಕೂರಲು ನಮ್ಮ ಮನೆ ಹೆಣ್ಣುಮಕ್ಕಳೇ ಹಿಂಜರಿದರೆ ಹೇಗೆ?

ಹಳೇಬೀಡು ಹೋಬಳಿಯ ಶಾಲೆಯೊಂದರಲ್ಲಿ ಒಬ್ಬಳು ಮುಂದೆ ಬಂದಳು. ಪೋಸ್ಟರ್‌ನಲ್ಲಿ ಅವಳ ಫೋಟೊ ಹಾಕುವುದು ಮನೆಯಲ್ಲಿ ಅಣ್ಣನಿಗೆ ಇಷ್ಟವಿರಲಿಲ್ಲ. ಮಕ್ಕಳೇ ದಾರಿ ಕಂಡುಕೊಂಡರು. ಆ ವರ್ಷ ಯಾರದೂ ಫೋಟೊ ಬೇಡ, ಚಿಹ್ನೆ ಮತ್ತು ಹೆಸರು ಮಾತ್ರ ಅಂತ ನಿಯಮ ಮಾಡಿದರು. ಅವಳ ಚಿಹ್ನೆ ನಲ್ಲಿ. ಶಾಲೆಯ ಮೂರು ನಲ್ಲಿಗಳಲ್ಲಿ ಎರಡು ಕೆಟ್ಟಿದ್ದವು, ಅವಳ ಪ್ರಚಾರ ಅಷ್ಟೇ. ಮೂರು ಮತದಿಂದ ಸೋತಳು. ಮರುವರ್ಷ ಮತ್ತೆ ನಿಂತು ಗೆದ್ದಳು. ಪ್ರಚಾರಕ್ಕೆ ಅಣ್ಣನೇ ಡ್ರಾಯಿಂಗ್ ಶೀಟ್ ತಂದುಕೊಟ್ಟ.

ಇನ್ನು ಕಡಲೆಮಿಠಾಯಿ ವಿಚಾರ. ಒಬ್ಬ ಅಭ್ಯರ್ಥಿ ಮತದಾನದ ಹಿಂದಿನ ದಿನ ಮಿಠಾಯಿ ಹಂಚಿದ. ದೂರು ಬಂತು. ನಾನು ಬೈಯಲಿಲ್ಲ. ಮಕ್ಕಳದೇ ಚುನಾವಣಾ ಸಮಿತಿ ಇತ್ತು, ವಿಚಾರಣೆ ಅವರೇ ಮಾಡಲಿ ಅಂದೆ. ಹುಡುಗ ಎದ್ದು ನಿಂತು, "ದೊಡ್ಡವರ ಎಲೆಕ್ಷನ್‌ನಲ್ಲಿ ಸೀರೆ, ಕುಕ್ಕರ್ ಕೊಡಲ್ವಾ ಸಾರ್?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲಿರುವ ಹಿರಿಯರ ಹತ್ತಿರ ಇದೆಯೇ? ಸಮಿತಿಯವರು ಒಂದು ತೀರ್ಮಾನ ಕೊಟ್ಟರು. ಅವನು ಸ್ಪರ್ಧೆಯಲ್ಲಿ ಇರಬಹುದು, ಆದರೆ ಎಷ್ಟು ಮಿಠಾಯಿ ಹಂಚಿದೆ, ದುಡ್ಡು ಎಲ್ಲಿಂದ ಬಂತು ಅಂತ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಹೇಳಬೇಕು. ಹೇಳಿದ. 60 ಮಿಠಾಯಿ ಹಂಚಿದ್ದ. ಎಣಿಕೆಯಲ್ಲಿ ಬಂದದ್ದು 22 ಮತ.

ಮಕ್ಕಳು ನಕ್ಕರು. ನಾನು ಅದರಿಂದ ಎರಡು ಮಾತು ಹೇಳಿದೆ. ಮತ ಗುಟ್ಟಾಗಿರುವುದರಿಂದಲೇ ಯಾರೂ ಅದನ್ನು ಕೊಂಡುಕೊಂಡೆ ಅಂತ ಗ್ಯಾರಂಟಿಯಾಗಿ ಹೇಳಲು ಆಗುವುದಿಲ್ಲ, ಆದ್ದರಿಂದ ಆ ಗುಟ್ಟು ಕಾಪಾಡಿಕೊಳ್ಳಿ. ಎರಡನೆಯದು, ತಿಂದೂ ಹಾಕಲಿಲ್ಲ ಅಂತ ಹೆಮ್ಮೆಪಡಬೇಡಿ. ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು, ಕಾನೂನಿನಲ್ಲಿ ಎರಡೂ ಅಪರಾಧ. ಮತ ಒಂದು ಅಮಾನತ್, ಒಂದು ಸಾಕ್ಷಿ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಸಾಕ್ಷಿಗೆ ಯಾರೂ ಬೆಲೆ ಕಟ್ಟುವುದಿಲ್ಲ.

ಮತದಾನ, ಎಣಿಕೆ, ಸೋತವರ ಮಾತು

ಮತದಾನದ ದಿನ ಎಲ್ಲ ಕೆಲಸ ಮಕ್ಕಳದೇ. ಒಬ್ಬರು ಅಧ್ಯಕ್ಷಾಧಿಕಾರಿ. ಮೊದಲನೆಯ ಅಧಿಕಾರಿ ಪಟ್ಟಿ ನೋಡಿ ಹೆಸರು ಜೋರಾಗಿ ಓದುವುದು, ಎರಡನೆಯವರು ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿ ಬೆರಳಿಗೆ ಶಾಯಿ ಹಚ್ಚುವುದು, ಮೂರನೆಯವರು ಯಂತ್ರದ ಗುಂಡಿ ಒತ್ತುವುದು. ಅಭ್ಯರ್ಥಿಗಳ ಏಜೆಂಟರು ಹಿಂದೆ ಬೆಂಚಿನ ಮೇಲೆ. ಶಾಯಿ ಹಚ್ಚುವಾಗ ಅದರ ಕಥೆ ಹೇಳುತ್ತಿದ್ದೆ. ಅಳಿಸಲಾಗದ ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1937ರಲ್ಲಿ ಶುರು ಮಾಡಿದ ಅರಗು ಮತ್ತು ಬಣ್ಣದ ಕಾರ್ಖಾನೆ ಅದು. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಶಾಯಿ ಅಲ್ಲಿಂದಲೇ.

ಮತದಾನಕ್ಕೆ ಮುಂಚೆ ಅಣಕು ಮತದಾನ ಮಾಡಲೇಬೇಕು. ನಿಜವಾದ ಮತಗಟ್ಟೆಯಲ್ಲಿ ಏಜೆಂಟರ ಎದುರು ಕನಿಷ್ಠ 50 ಮತ ಹಾಕಿ, ಲೆಕ್ಕ ತಾಳೆ ನೋಡಿ, ಅಳಿಸಿ, ಆಮೇಲೆ ಯಂತ್ರಕ್ಕೆ ಮುದ್ರೆ. ಸಂಜೆ ಎಷ್ಟು ಮತ ಬಿತ್ತು ಅನ್ನುವ ಲೆಕ್ಕವನ್ನು 17ಸಿ ನಮೂನೆಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡಬೇಕು. ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಿದರೆ ಒಂದು ವಿಷಯ ತಿಳಿಯುತ್ತದೆ. ಚುನಾವಣೆಯನ್ನು ಸುಮ್ಮನೆ ನಂಬಬೇಕಿಲ್ಲ, ಸುಮ್ಮನೆ ಬೈಯಬೇಕಾಗಿಯೂ ಇಲ್ಲ. ಎದುರಿಗೆ ಕೂತು ಪರೀಕ್ಷೆ ಮಾಡಬಹುದು, ಕಾಗದ ಕೇಳಿ ಪಡೆಯಬಹುದು.

ಒಂದು ವರ್ಷ ಒಬ್ಬ ಹುಡುಗನ ಹೆಸರಿನಲ್ಲಿ ಬೇರೊಬ್ಬ ಮೊದಲೇ ಮತ ಹಾಕಿ ಹೋಗಿದ್ದ. ಹುಡುಗ ಬಂದಾಗ ಸಹಿ ಆಗಿಹೋಗಿದೆ. ಮಕ್ಕಳು ಕಂಗಾಲು. ಆಗ ಟೆಂಡರ್ ಮತದ ವಿಷಯ ಹೇಳಿಕೊಟ್ಟೆ. ನಿಮ್ಮ ಹೆಸರಿನಲ್ಲಿ ಯಾರೋ ಹಾಕಿದ್ದರೆ ತಲೆ ತಗ್ಗಿಸಿ ವಾಪಸು ಬರಬೇಡಿ. ನೀವೇ ಆ ವ್ಯಕ್ತಿ ಅಂತ ತೋರಿಸಿದರೆ ಅಧ್ಯಕ್ಷಾಧಿಕಾರಿ ಟೆಂಡರ್ ಮತಪತ್ರ ಕೊಡಬೇಕು. ಸಾಮಾನ್ಯ ಎಣಿಕೆಯಲ್ಲಿ ಅದು ಸೇರುವುದಿಲ್ಲ, ನಿಜ. ಆದರೆ ಅನ್ಯಾಯವಾಯಿತು ಅನ್ನುವುದಕ್ಕೆ ಅದು ದಾಖಲೆ.

ಎಣಿಕೆಯಲ್ಲಿ ಒಂದೆರಡು ಮತದ ಅಂತರ ಬಂದರೆ ಮಕ್ಕಳು ಮತ್ತೆ ಎಣಿಸಿ ಅನ್ನುತ್ತಾರೆ. ಎಣಿಸಬೇಕು. ಒಂದು ಮತ ಏನು ಮಾಡುತ್ತೆ ಅನ್ನುವವರಿಗೆ 2004ರ ಸಂತೆಮರಹಳ್ಳಿ ವಿಧಾನಸಭಾ ಕ್ಷೇತ್ರ ನೆನಪಿಸುತ್ತೇನೆ. ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರಿನ ಚಾಲಕನಿಗೇ ಮತ ಹಾಕಲು ಆಗಿರಲಿಲ್ಲ ಅಂತ ಜನ ಇಂದಿಗೂ ಹೇಳುತ್ತಾರೆ.

ಫಲಿತಾಂಶದ ನಂತರ ನನ್ನ ಶಾಲೆಗಳಲ್ಲಿ ಮೊದಲು ಮಾತಾಡುತ್ತಿದ್ದದ್ದು ಸೋತವರು. ಎರಡು ನಿಮಿಷ, ಗೆದ್ದವರಿಗೆ ಶುಭಾಶಯ ಹೇಳಿ, ತಾನು ಹೇಳಿದ್ದ ಒಂದು ಕೆಲಸವನ್ನು ಗೆದ್ದವರಿಗೆ ವಹಿಸಬೇಕು. ಗೆದ್ದವರು ತಿಂಗಳ ಕೊನೆಯ ಶನಿವಾರ ಎಲ್ಲರ ಪ್ರಶ್ನೆಗೆ ಉತ್ತರ ಕೊಡಬೇಕು. ಕುಡಿಯುವ ನೀರು ಏನಾಯಿತು, ಶೌಚಾಲಯದ ಬಾಗಿಲು ಏನಾಯಿತು, ಬಿಸಿಯೂಟದ ತಟ್ಟೆ ಯಾಕೆ ಕಡಿಮೆ. ಈ ಪ್ರಶ್ನೆಯ ದಿನ ಇಲ್ಲದಿದ್ದರೆ ಚುನಾವಣೆ ಬರೀ ಜಾತ್ರೆ.

ನಲ್ಲಿ ಹುಡುಗಿ ಗೆದ್ದ ವರ್ಷ ನಲ್ಲಿ ರಿಪೇರಿಗೆ ಶಾಲೆಯಲ್ಲಿ ಹಣವಿರಲಿಲ್ಲ. ಅವಳು ಆ ಪ್ರಶ್ನೆಯನ್ನು ಮಕ್ಕಳ ಗ್ರಾಮಸಭೆಗೆ ತೆಗೆದುಕೊಂಡು ಹೋದಳು. 1990ರ ದಶಕದಲ್ಲಿ ಕುಂದಾಪುರದ ಕಡೆ ದುಡಿಯುವ ಮಕ್ಕಳು ಸೇರಿ ಮಕ್ಕಳ ಪಂಚಾಯಿತಿ ಕಟ್ಟಿದ್ದರು. ಆಮೇಲೆ ರಾಜ್ಯ ಸರ್ಕಾರವೇ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ಹೇಳಿತು. ಪಂಚಾಯಿತಿ ಅಧ್ಯಕ್ಷರು, ಪಿಡಿಒ ಮುಂದೆ ಆ ಹುಡುಗಿ ಕಾಗದ ನೋಡಿ ಓದಿದಳು, ಕೈ ನಡುಗುತ್ತಿತ್ತು. ಕೆಲವು ತಿಂಗಳಾದ ಮೇಲೆ ನಲ್ಲಿ ಬಂತು. ಮತದಿಂದ ನೀರಿನವರೆಗೆ ದಾರಿ ಇದೆ ಅಂತ ಆ ಶಾಲೆಯ ಮಕ್ಕಳು ಕಣ್ಣಾರೆ ಕಂಡರು.

ಮೂರು ಕೋರಿಕೆ

ಹೊತ್ತಾಯಿತು, ಮಕ್ಕಳಿಗೆ ಚೆಕ್ ಕೊಡುವುದಿದೆ. ಮೂರು ಕೋರಿಕೆ ಹೇಳಿ ಮುಗಿಸುತ್ತೇನೆ.

ಮೊದಲನೆಯದು ವಿದ್ಯಾರ್ಥಿಗಳಿಗೆ. 18 ವರ್ಷಕ್ಕೆ ಮತದ ಹಕ್ಕು 1989ರಿಂದ ಇದೆ, ಅದಕ್ಕೆ ಮುಂಚೆ 21 ಆಗಬೇಕಿತ್ತು. ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ವರ್ಷಕ್ಕೆ ನಾಲ್ಕು ದಿನಾಂಕಗಳನ್ನು ಅರ್ಹತೆಗೆ ಹಿಡಿಯುತ್ತಾರೆ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು. ಪಿಯುಸಿ, ಐಟಿಐ, ಡಿಪ್ಲೊಮಾ ಓದುತ್ತಿರುವವರು ಇದೇ ತಿಂಗಳು ನಮೂನೆ 6 ತುಂಬಿ. ಬೆಂಗಳೂರಿಗೋ ಹಾಸನಕ್ಕೋ ಹಾಸ್ಟೆಲ್‌ಗೆ ಹೋಗುವ ಮುಂಚೆ ಈ ಕೆಲಸ ಮುಗಿಸಿ. ಅರಸೀಕೆರೆಯವರದು 194ನೇ ವಿಧಾನಸಭಾ ಕ್ಷೇತ್ರ, ಬೇಲೂರು ಹಳೇಬೀಡಿನವರದು 195. ಅನುಮಾನ ಬಂದರೆ 1950ಕ್ಕೆ ಫೋನ್ ಮಾಡಿ. ಆಮೇಲೆ ಮನೆಯಲ್ಲಿ ಅಮ್ಮೀ, ದಾದಿ, ಹೊಸದಾಗಿ ಬಂದ ಭಾಬಿ ಎಲ್ಲರ ಹೆಸರೂ ನೋಡಿ. ಓದು ಬಾರದವರಿಗೆ ನೀವೇ ಕಣ್ಣು.

ಎರಡನೆಯದು ಶಿಕ್ಷಕರಿಗೂ ಶಾಲಾ ಸಮಿತಿಯವರಿಗೂ. ಪ್ರೌಢಶಾಲೆ, ಕಾಲೇಜುಗಳಲ್ಲಿ ಚುನಾವಣಾ ಸಾಕ್ಷರತಾ ಕ್ಲಬ್ ಇರಬೇಕು ಅಂತ ಚುನಾವಣಾ ಆಯೋಗ 2018ರ ಜನವರಿ 25ರ ಮತದಾರರ ದಿನದಂದು ಕಾರ್ಯಕ್ರಮ ಶುರು ಮಾಡಿದೆ. ಅದು ಫೈಲಿನಲ್ಲಿ ಉಳಿಯದಿರಲಿ. ರಂಗೋಲಿ, ಪ್ರಬಂಧ ಸ್ಪರ್ಧೆ ಇರಲಿ, ಜೊತೆಗೆ ಪಟ್ಟಿ ನೋಡುವ ಪಾಠವೂ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳು ಆರಿಸಿದವರನ್ನು ಬದಲಾಯಿಸಬೇಡಿ.

ಮೂರನೆಯದು ಟ್ರಸ್ಟ್‌ನ ಹಿರಿಯರಿಗೆ, ಮುತವಲ್ಲಿ ಸಾಹೇಬರಿಗೆ. ವಿದ್ಯಾರ್ಥಿವೇತನದ ಪ್ರಕಟಣೆಯ ಹಾಳೆಯಲ್ಲಿ ಕೆಳಗಡೆ ಎರಡು ಸಾಲು ಜಾಗ ಕೊಡಿ. 'ನಿಮ್ಮ ಹೆಸರು ಮತದಾರರ ಪಟ್ಟಿಯಲ್ಲಿ ಇದೆಯೇ, ನೋಡಿದ್ದೀರಾ?' ಅಂತ. ಇದು ಷರತ್ತು ಆಗಬಾರದು. ಹೆಸರಿಲ್ಲ ಅಂತ ಯಾವ ಮಗುವಿನ ಅರ್ಜಿಯೂ ಹಿಂದೆ ಹೋಗಬಾರದು. ಮಸೀದಿಯ ಫಲಕದಲ್ಲಿ ಅರ್ಜಿಯ ದಿನಾಂಕ ಬರೆಯಿರಿ, ಬಿಎಲ್‌ಒ ಕೂರುವ ಜಾಗ ಬರೆಯಿರಿ. ಯಾರಿಗೆ ಮತ ಅನ್ನುವುದನ್ನು ಮಾತ್ರ ಬರೆಯಬೇಡಿ, ಮೈಕಿನಲ್ಲಿ ಹೇಳಬೇಡಿ. ಪೂಜಾಸ್ಥಳಗಳನ್ನು ಪ್ರಚಾರಕ್ಕೆ ಬಳಸಬಾರದು ಅಂತ ಮಾದರಿ ನೀತಿ ಸಂಹಿತೆಯಲ್ಲಿದೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಇನ್ನೂ ಬಿಗಿಯಾಗಿ ಹೇಳಿದೆ. ಕಾನೂನು ಬಿಡಿ, ಮಕ್ಕಳು ನೋಡುತ್ತಿರುತ್ತಾರೆ. ನಾವೇ ಅವರಿಗೆ ಬದಲಾಗಿ ತೀರ್ಮಾನ ಮಾಡಿಬಿಟ್ಟರೆ, ಅವತ್ತು ಸಿಬ್ಬಂದಿ ಕೊಠಡಿಯಲ್ಲಿ ನಾವು ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸವೇನು?

ಈ ವೇದಿಕೆಯಿಂದ ಇವತ್ತು ಮಕ್ಕಳಿಗೆ ಸಿಗುವ ಹಣ ಒಂದು ವರ್ಷದ ಶುಲ್ಕಕ್ಕೆ, ಪುಸ್ತಕಕ್ಕೆ ಆಗುತ್ತದೆ. ಅದು ದೊಡ್ಡ ಉಪಕಾರ. ಇದರ ಜೊತೆಗೆ, ನಿನ್ನ ಮಾತಿಗೂ ಲೆಕ್ಕವಿದೆ ಅನ್ನುವ ನಂಬಿಕೆಯನ್ನು ಅವರಿಗೆ ಕೊಡೋಣ. ನಾನು ಒಬ್ಬ ಹುಡುಗನಿಂದ ಅದನ್ನು ಕಿತ್ತುಕೊಂಡಿದ್ದೆ. ಒಮ್ಮೆ ಕಿತ್ತುಕೊಂಡರೆ ವಾಪಸು ಕೊಡುವುದು ಬಹಳ ಕಷ್ಟ.